ಕಲ್ಲುಕೂಚದ ಮೂರು ಸುತ್ತು

ಸುತ್ತುತ್ತಿದೆ, ಪೆದ್ದು ಕರು, ಮತ್ತೂ ಸುತ್ತುತ್ತಿದೆ — ಕಿಟಕಿಯ ಪರದೆಯಾಚೆ ಹಳೇ ಬಾವಿಯ ಪಕ್ಕ ನೆಟ್ಟ ಕಲ್ಲುಕೂಚಕ್ಕೆ ಕಟ್ಟಿದ ಹಗ್ಗ ಒಂದು ಸುತ್ತು ಗಿಡ್ಡವಾಯಿತು, ಎರಡು ಸುತ್ತಾಯಿತು, ಇನ್ನೊಂದು ಸುತ್ತು ಹೊಡೆದರೆ ಮೂತಿ ಕಲ್ಲಿಗೆ ತಾಗಿ ಅಂಬಾ ಅನ್ನುತ್ತದೆ, ಯಾರಾದರೂ ಎದ್ದು ಹೋಗಿ ಬಿಡಿಸಬೇಕು, ಬಿಡಿಸಿದರೆ ಮತ್ತೆ ಅದೇ ದಿಕ್ಕಿಗೆ ಹೊರಡುತ್ತದೆ, ಬುದ್ಧಿ ಅನ್ನುವುದು ಬೇಡವೇ, ಥೇಟು ತನ್ನ ಹಾಗೆಯೇ, ಎಂದುಕೊಂಡಳು ಕಲ್ಯಾಣಿ, ಒಂಬತ್ತು ತಿಂಗಳಿಂದ ತಾನೂ ಈ ಹುಳುಮನೆಯೊಳಗೆ ಒಂದೇ ಯೋಚನೆಯ ಸುತ್ತ ತಿರುಗುತ್ತಿದ್ದೇನಲ್ಲ, ತನ್ನನ್ನು ಬಿಡಿಸಲು ಯಾರು ಏಳಬೇಕು — ಎಡಗೈಯಲ್ಲಿ ಒಂದು ಹಣ್ಣಾದ ರೇಷ್ಮೆಹುಳು, ಸೊಪ್ಪು ತಿನ್ನುವುದು ಬಿಟ್ಟು ಮೈಯೆಲ್ಲ ತಿಳಿಯಾಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ನೂಲು ಬಿಡಲು ಜಾಗ ಹುಡುಕುತ್ತಿದೆ, ಈಗಲೇ ಎತ್ತಿ ಚಂದ್ರಿಕೆಯ ಬಿದಿರು ಸುರುಳಿಯೊಳಗೆ ಬಿಡದಿದ್ದರೆ ಕಸದಲ್ಲೇ ಗೂಡು ಕಟ್ಟಿಬಿಡುತ್ತದೆ, ಅದಕ್ಕೇ ಹುಳು ಹಣ್ಣಾದ ದಿನ ಬೀದಿಗೆ ಬೀದಿಯೇ ಮುಯ್ಯಾಳಾಗಿ ಬರುತ್ತದೆ, ಇವತ್ತು ನಮ್ಮ ಮನೆಗೆ ನೀನು, ನಾಳಿದ್ದು ನಿಮ್ಮ ಮನೆಗೆ ನಾನು, ಅಗೋ ಎದುರುಮನೆಯ ಅಮ್ಮಾಜಮ್ಮ ಆಗಲೇ ಸೆರಗು ಸಿಕ್ಕಿಸಿ ಕೂತಾಯಿತು, ಬಾಯಿಗಿಂತ ಕೈ ಜೋರೋ ಕೈಗಿಂತ ಬಾಯಿ ಜೋರೋ ಹೇಳುವುದು ಕಷ್ಟ. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಮಲಗಿದೆ, ಅಂಗೈಗೆ ಅಡ್ಡಲಾಗಿ ಹೊಸ ಚರ್ಮ, ನುಣ್ಣಗೆ, ಹೊಳಪಾಗಿ, ಹುಳು ಇಟ್ಟರೆ ಇಟ್ಟದ್ದೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಫೋನು, ಕೈಯೆಲ್ಲ ಸೊಪ್ಪಿನ ನೀರು ಅಂತ ಸ್ಪೀಕರಿಗೆ ಹಾಕಿ ಗೋಡೆಯ ಗೂಡಿನಲ್ಲಿಟ್ಟಿದ್ದಳು, ಕೊಚ್ಚಿಯಿಂದ ಯೋಗನರಸಿಂಹ ಸಾರ್ ಗಂಟಲು: ನೋಡಮ್ಮ ಕಲ್ಯಾಣಿ, ಮಧ್ಯಾಹ್ನ ಹನ್ನೆರಡಕ್ಕೆ ರೇಸಿಗೆ ಹತ್ತು ಜನರ ಹೆಸರು ಕಳಿಸ್ಬೇಕು, ಒಂಬತ್ತು ಬರ್ದಿದೀನಿ, ಹತ್ತನೇದು ನಿಂದೇ, ಡಾಕ್ಟ್ರು ಕೈ ಸರಿಯಾಗಿದೆ ಅಂದ್ರು ಅಂತ ನೀನೇ ಹೇಳ್ದೆ, ನಂಗೆ ಕೈ ವಿಷ್ಯ ಬೇಡ, ಒಂದೇ ಒಂದು ಹೇಳು, ನಾನು ಬಿಡು ಅಂದ್ರೆ ಬಿಡ್ತೀಯಾ? ಯೋಚ್ನೆ ಮಾಡು, ಹನ್ನೆರಡಕ್ಕೆ ಮಾಡ್ತೀನಿ, ಸುಳ್ಳು ಮಾತ್ರ ಹೇಳ್ಬೇಡ, ಅಂತ ಇಟ್ಟರು. ಸೊಪ್ಪಿನ ಕಂತೆ ಹೊತ್ತು ಬಾಗಿಲಲ್ಲಿ ನಿಂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡು ಏನೂ ಕೇಳಿಸದವನ ಹಾಗೆ ಒಳಗೆ ಹೋದ.

ಈಗ ಹತ್ತೂ ಕಾಲು. ಗಾಳಿ ಇಲ್ಲ. ಹುಳುಮನೆಯಲ್ಲಿ ಇರಲೂಬಾರದು, ಹುಳುವಿಗೆ ಬಿರುಗಾಳಿ ಆಗದು, ಹೊಗೆ ಆಗದು, ಒಗ್ಗರಣೆ ವಾಸನೆ ಆಗದು, ಜಂಗಮಕೋಟೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅಂಥ ಊರಿನಲ್ಲಿ ಹುಟ್ಟಿ ಗಾಳಿಯನ್ನೇ ಅನ್ನ ಮಾಡಿಕೊಂಡವಳು ತಾನೊಬ್ಬಳೇ ಇರಬೇಕು, ಮೊದಲ ಸಲ ಅದು ಸಿಕ್ಕಿದ್ದು ಬೆಂಗಳೂರಿನ ಕೆರೆಯೊಂದರಲ್ಲಿ, ಚಿಕ್ಕಬಳ್ಳಾಪುರದ ಕಾಲೇಜಿನಿಂದ ಎನ್‌ಸಿಸಿ ಕ್ಯಾಂಪಿಗೆ ಹೋದಾಗ, ಪುಟ್ಟ ಹಾಯಿದೋಣಿ, ಎಮ್ಮೆ ತೊಟ್ಟಿಯಷ್ಟಿತ್ತು, ಹಾಯಿ ಪಟಪಟ ಬಡಿದುಕೊಳ್ಳುತ್ತಿದ್ದದ್ದು ಹಗ್ಗ ಎಳೆದ ಕೂಡಲೇ ಸುಮ್ಮನಾಯಿತು, ಸುಮ್ಮನಾದದ್ದೇ ದೋಣಿ ಮುಂದಕ್ಕೆ ಹಾರಿತು, ಯಾರೂ ಹುಟ್ಟು ಹಾಕಿಲ್ಲ, ಮೋಟಾರಿಲ್ಲ, ಕೈಯೊಳಗಿನ ಹಗ್ಗ ಮಾತ್ರ ಜೀವ ಬಂದ ಹಾಗೆ ಮಿಡಿಯುತ್ತಿದೆ — ದಡದಲ್ಲಿ ಬಿಳಿ ಟೋಪಿಯ ಮನುಷ್ಯ, ಇದೇ ಯೋಗನರಸಿಂಹ ಸಾರ್, ನೌಕಾಪಡೆಯಿಂದ ನಿವೃತ್ತರಾಗಿ ಹುಡುಗರಿಗೆ ಹಾಯಿ ಕಲಿಸಲು ಬರುತ್ತಿದ್ದವರು, ಯಾವೂರಮ್ಮ ನಿಂದು? ಜಂಗಮಕೋಟೆ ಸಾರ್, ಶಿಡ್ಲಘಟ್ಟ ತಾಲೂಕು. ಓಹೋ, ನಮ್ ಕಡೆಯೋಳೇ, ನಂದು ಚಿಂತಾಮಣಿ, ನಮ್ಮಪ್ಪ ಅಲ್ಲಿ ಮೇಷ್ಟ್ರು, ನಮ್ ಕಡೆ ನದೀಲೇ ನೀರಿಲ್ಲ, ನಾವಿಬ್ರೂ ದೋಣಿ ಹತ್ತಿದೀವಿ ನೋಡು, ಅಂತ ಹೊಟ್ಟೆ ಕುಣಿಸಿ ನಕ್ಕರು, ನಿಂಗೇನು ಬರುತ್ತೆ? ಹಗ್ಗ ಹಿಡಿಯೋದು ಬರುತ್ತೆ ಸಾರ್, ಹಿಡಿದ್ರೆ ಬಿಡಲ್ಲ. ಎಷ್ಟು ಹೆಮ್ಮೆಯಿಂದ ಹೇಳಿದ್ದಳು, ಹತ್ತೊಂಬತ್ತರ ಹುಡುಗಿ, ಆ ಮಾತು ಹದಿಮೂರು ವರ್ಷ ಕಾದು ಒಂದು ಮಧ್ಯಾಹ್ನ ತಿರುಗಿ ಬಂದು ಕಚ್ಚುತ್ತದೆ ಅಂತ ಯಾರಿಗೆ ಗೊತ್ತಿತ್ತು. ಡಿಗ್ರಿ ಮುಗಿದದ್ದೇ ಕೊಚ್ಚಿಯ ದೋಣಿ ಕಾರ್ಖಾನೆಯಲ್ಲಿ ಹಾಯಿ ಹೊಲಿಯುವ ಕೆಲಸ, ಆಮೇಲೆ ಹತ್ತಿರದ ಪುಟ್ಟ ರೇಸುಗಳು, ಆಮೇಲೆ ಅದು, ಸಾರ್ ನಡೆಸುವ ಮುಂಗಾರು, ಐವತ್ತೆರಡು ಅಡಿ ಉದ್ದದ ರೇಸಿನ ಯಾಟ್, ಕಪ್ಪು ಮೈ, ತೆಳ್ಳನೆ ಸೊಂಟ, ಒಂದರ ಮೇಲೊಂದು ಎರಡು ತೆಂಗಿನಮರ ನಿಲ್ಲಿಸಿದಷ್ಟು ಎತ್ತರದ, ಹಾಯಿ ಕಟ್ಟುವ ಕೂವೆಮರ. ಮೊದಲ ದಿನ ಜೆಟ್ಟಿಯಲ್ಲಿ ಕತ್ತೆತ್ತಿ ನೋಡುತ್ತಾ ನಿಂತವಳಿಗೆ ಚಪ್ಪಲಿ ಬಿಚ್ಚಿ ಹತ್ತಬೇಕು ಅನ್ನಿಸಿ, ಬಿಚ್ಚಿಯೇ ಹತ್ತಿದ್ದಳು.

ಏನೇ ಕಲ್ಯಾಣಿ, ಕೈ ನಿಂತೋಯ್ತು, ಅಂದಳು ಅಮ್ಮಾಜಮ್ಮ, ಇಲ್ಲ ಅತ್ತೆ, ಎತ್ತುತ್ತಿದ್ದೀನಿ, ಒಂದು ಹುಳು, ಇನ್ನೊಂದು, ಬೆರಳ ತುದಿಗೆ ನೂಲು ಅಂಟುತ್ತದೆ, ಕಣ್ಣಿಗೆ ಕಾಣದ ನೂಲು, ಬಿಡಿಸಿಕೊಳ್ಳಬೇಕು ಆದರೆ ಎಳೆಯಬಾರದು — ಹಗ್ಗದ ಕೆಲಸವೂ ಹಾಗೇ, ಹಾಯಿಯ ಮೂಲೆಯಿಂದ ಬಂದ ಹಗ್ಗ ದೋಣಿಯಂಚಿನ ಲೋಹದ ಡ್ರಮ್ಮಿನ ಮೇಲೆ ಮೂರು ಸುತ್ತು ಸುತ್ತಿ ತುದಿ ಅವಳ ಕೈಗೆ, ಭಾರವೆಲ್ಲ ಆ ಮೂರು ಸುತ್ತಿನದು, ಕೈಯದು ಬರೀ ಮಾತುಕತೆ, ಕಣ್ಣು ಹಾಯಿಯ ಅಂಚಿನ ಮೇಲೆ, ಅಂಚು ಮಡಿಸಿಕೊಂಡರೆ ಒಂದು ಗೇಣು ಎಳಿ, ದೋಣಿ ಒಂದು ಕಡೆಗೆ ವಾಲಿದರೆ ಒಂದು ಗೇಣು ಬಿಡು, ಎಳಿ, ಬಿಡು, ನಾಲ್ಕು ಗಂಟೆ ಹೊತ್ತು ಇದೇ, ಆಮೇಲೆ ಇನ್ನೊಬ್ಬರು ಬಂದು ಭುಜ ತಟ್ಟುತ್ತಾರೆ, ಅವರ ಬೆಚ್ಚಗಿನ ಹಾಸಿಗೆಯಲ್ಲಿ ನೀನು, ನಿನ್ನ ಒದ್ದೆ ಜಾಗದಲ್ಲಿ ಅವರು, ಅವರ ಕೈಯನ್ನು ನಂಬಿ ನೀನು ನಿದ್ದೆ ಹೋಗುತ್ತೀಯ, ಸಮುದ್ರದ ಮಧ್ಯೆ ಮುಯ್ಯಾಳು ಅಂದರೆ ಇದೇ, ಅಮ್ಮಾಜಮ್ಮನಿಗೆ ಹೇಳಿದರೆ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ. ಮತ್ತೆ ಆ ಕೆಂಪು ಹಾಯಿ ಬಿಚ್ಚಿಕೊಳ್ಳುವ ಗಳಿಗೆ, ಅಯ್ಯೋ, ಎರಡು ಗುಂಟೆ ಬಟ್ಟೆ, ದೋಣಿಯ ಮೂತಿಯ ಹತ್ತಿರ ಕಾರವಾರದ ಕೇಶವ್ ಕೂತು ಏರಿಸುತ್ತಾನೆ, ಮೊದಲು ಉದ್ದನೆಯ ಮೆಣಸಿನಕಾಯಿಯ ಹಾಗೆ ನೇತಾಡುತ್ತಿರುತ್ತದೆ, ಅವಳು ಹಗ್ಗ ಎಳೆದದ್ದೇ ಢಬ್ ಅಂತ ತುಂಬಿಕೊಂಡು ಆಕಾಶದ ಅರ್ಧ ಮುಚ್ಚುತ್ತದೆ, ದೋಣಿ ಒಮ್ಮೆ ತಡವರಿಸಿ ಹೊರಟೇಬಿಡುತ್ತದೆ, ಅಲೆಯ ಬೆನ್ನು ಹತ್ತುತ್ತದೆ, ತುದಿಯಲ್ಲಿ ಒಂದು ಕ್ಷಣ ಉಸಿರು ಕಟ್ಟುತ್ತದೆ, ಆಮೇಲೆ ಜಾರು, ಜಾರು, ಜಾರು — ಎರಡೂ ಪಕ್ಕ ನೀರು ಗೋಡೆಯಾಗಿ ಏಳುತ್ತದೆ, ಕಪ್ಪು ಮೈ ಪೂರ್ತಿ ಝುಂಯ್ ಅಂತ ಹಾಡಲು ಶುರುಮಾಡುತ್ತದೆ, ಹಲ್ಲಿನ ಬೇರಿನಲ್ಲೂ ಆ ಸದ್ದು, ಹಾರುವ ಮೀನು ರಪ್ಪನೆ ಕೆನ್ನೆಗೆ ಹೊಡೆದು ಹೋಗುತ್ತದೆ, ಹತ್ತೂ ಜನ ಹುಚ್ಚರ ಹಾಗೆ ಕೂಗುತ್ತಿದ್ದಾರೆ, ಅರುವತ್ತೆರಡರ ಯೋಗನರಸಿಂಹ ಸಾರ್ ಚುಕ್ಕಾಣಿ ಹಿಡಿದು ಎಲ್ಲರಿಗಿಂತ ಜೋರಾಗಿ. ಗಂಟೆಗೆ ಎಷ್ಟು ಹೋಗುತ್ತೇ ಅಂತ ಅಮ್ಮಾಜಮ್ಮ ಒಮ್ಮೆ ಕೇಳಿದ್ದಳು, ಮೂವತ್ತೈದು ಕಿಲೋಮೀಟರ್ ಅತ್ತೆ, ಅಷ್ಟೇನಾ, ಶಿಡ್ಲಘಟ್ಟದ ಬಸ್ಸು ಇನ್ನೂ ಜೋರಾಗಿ ಹೋಗುತ್ತಲ್ಲೇ. ಹೌದು ಅತ್ತೆ, ಆದರೆ ಬಸ್ಸು ಹಾಡುವುದಿಲ್ಲ.

ಅಮ್ಮ ಹೊಸ ಚಂದ್ರಿಕೆ ತಂದು ಗೋಡೆಗೆ ಒರಗಿಸಿದಳು, ಆಂಜಿನಮ್ಮ, ಮಾತು ಕಮ್ಮಿ, ನಗರಗೆರೆಯ ಕಡೆಯವಳು, ಪ್ರೀತಿ ಹೆಚ್ಚಾದರೆ ತೆಲುಗು ಬರುತ್ತದೆ, ತಿನು ತಲ್ಲಿ ಅಂದರೆ ತಿನ್ನಲೇಬೇಕು, ಅದೇ ಪ್ರೀತಿಯಲ್ಲೇ ಅಲ್ಲವೇ ಹೋದ ವರ್ಷ ಮಗಳ ಚೀಲದ ತಳಕ್ಕೆ ಎರಡು ಸೇರು ರಾಗಿ ಹುರಿಹಿಟ್ಟು ತುರುಕಿ ಕಳಿಸಿದ್ದು, ರೇಸಿನ ದೋಣಿಯಲ್ಲಿ ತೂಕ ಅಂದರೆ ಪಾಪ, ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧ ಕತ್ತರಿಸಿ ಎಸೆಯುತ್ತಾರೆ, ಹತ್ತು ಜನಕ್ಕೆ ನಾಲ್ಕೇ ಚಮಚ, ಮಾರಿಷಸ್ ಬಿಟ್ಟ ಎರಡನೇ ದಿನ ಗಂಟು ಸಿಕ್ಕಿ ಸಾರ್ ಕೆಂಡವಾದರು, ಯಾರದ್ದು ಇದು, ಸಿಮೆಂಟಾ? ನಮ್ಮಮ್ಮ ಸಾರ್. ಸಮುದ್ರಕ್ಕೆ ಎಸಿ ಅಂದವರು ಬಿಚ್ಚಿ ಮೂಸಿ ನೋಡಿದರು, ಚಿಂತಾಮಣಿಯ ಮೂಗು, ಎಲ್ಲಿ ಹೋದೀತು, ಎಸೆಯೋದು ಬೇಡ, ತಿಂದ್ರೆ ತೂಕ ತಾನೇ ಕಮ್ಮಿಯಾಗುತ್ತೆ ಅಂತ ಬೆಲ್ಲ ಕಲಸಿ ಮೊದಲ ಉಂಡೆ ಅವರೇ ನುಂಗಿದರು, ಸಮಭಾಜಕ ವೃತ್ತ ತಲುಪುವ ಮುಂಚೆ ಹಿಟ್ಟು ಖಾಲಿ, ಕೇಶವ್ ಡಬ್ಬಿಯನ್ನೂ ನೆಕ್ಕಿದ. ಮಾರಿಷಸ್ಸಿನಿಂದ ಕೊಚ್ಚಿಗೆ, ಗಾಳಿ ಬಲಗಡೆಯಿಂದ ತಪ್ಪದೆ ಬರುವ ದಾರಿ, ಆರನೆಯ ದಿನ, ಎರಡನೆಯ ಸ್ಥಾನದಲ್ಲಿದ್ದರು — ಬೇಡ, ಅಲ್ಲಿಗೆ ಹೋಗುವುದು ಬೇಡ, ಹುಳು ಎತ್ತು, ಒಂದು, ಇನ್ನೊಂದು. ಆದರೆ ಅಂಗೈ ಆಗಲೇ ಬಿಸಿಯಾಗಿತ್ತು.

ಮಧ್ಯಾಹ್ನ ಮೂರು ಗಂಟೆ, ಕಣ್ಣು ಕುಕ್ಕುವ ಬಿಸಿಲು, ಕೇಶವ್ ಮೂತಿಯ ತುದಿಯಲ್ಲಿ ಸಿಕ್ಕಿಕೊಂಡ ಕೊಕ್ಕೆ ಬಿಡಿಸಲು ಹೋಗಿದ್ದ, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ದಾರ, ದಾರ ದೋಣಿಗೆ, ಅವನ ಜೀವ ಆ ದಾರದಲ್ಲಿತ್ತು, ಅವಳ ಹಗ್ಗದಲ್ಲಲ್ಲ, ಎಳ್ಳಷ್ಟೂ ಅಲ್ಲ, ಇದನ್ನು ಒಂಬತ್ತು ತಿಂಗಳಲ್ಲಿ ಒಂದು ಲಕ್ಷ ಸಲ ಹೇಳಿಕೊಂಡಿದ್ದಾಳೆ, ಬಲಗಡೆಯ ನೀರು ಕಪ್ಪಾದದ್ದನ್ನು ಎಲ್ಲರೂ ಕಂಡರು, ಗಾಳಿ ಬರುತ್ತಿದೆ, ದೊಡ್ಡದು, ಬಂತು, ಕೆಂಪು ಹಾಯಿ ಹೊಟ್ಟೆಯುಬ್ಬಿ ದೋಣಿಯನ್ನು ಮಗ್ಗುಲಿಗೆ ಎಳೆಯಿತು, ಬಿಡು, ಅಂದರು ಸಾರ್, ಬಿಡಬೇಕು, ಗಾಳಿಯನ್ನು ಚೆಲ್ಲಬೇಕು, ಪುಟ್ಟ ಮಗುವಿಗೂ ಗೊತ್ತಿರುವ ಪಾಠ, ಸಾವಿರ ಸಲ ಬಿಟ್ಟಿದ್ದಾಳೆ — ಆದರೆ ಆ ಸಲ ಅಲೆ ಮೂತಿಯ ಮೇಲೆ ಕವುಚಿ ಕೇಶವ್ ಕಾಣದೇ ಹೋದ, ಕೆಳಗೆ, ಬಿಳಿ ನೊರೆಯ ಕೆಳಗೆ, ಒಬ್ಬ ಮನುಷ್ಯ ಕೆಳಗಿದ್ದಾನೆ, ಮೇಲೆ ತನ್ನ ಕೈಯಲ್ಲಿ ಹಗ್ಗವಿದೆ, ಕೆಳಗೆ ಮನುಷ್ಯ ಇರುವಾಗ ಹಗ್ಗ ಬಿಡಬಾರದು, ತಲೆ ಹೇಳಿದ್ದಲ್ಲ ಅದು, ಕೈ ಹೇಳಿದ್ದು, ಹತ್ತು ವರ್ಷದ ಹುಡುಗಿಯ ಕೈ. ಬಿಡೂ, ಬಿಡು ಕಲ್ಯಾಣಿ, ಬಿಡೇ! ಅವಳು ಇನ್ನೂ ಬಿಗಿ ಹಿಡಿದಳು. ದೋಣಿ ಅಡ್ಡ ಮಲಗಿತು, ಕೂವೆಮರ ನೀರು ಮುಟ್ಟಿತು, ಹಾಯಿಯೊಳಗೆ ಸಮುದ್ರ ತುಂಬಿತು, ಸಾರ್ ಚುಕ್ಕಾಣಿ ಬಿಟ್ಟು ತೆವಳಿಕೊಂಡು ಬಂದು ಡ್ರಮ್ಮಿನ ಮೂರೂ ಸುತ್ತನ್ನು ಕಿತ್ತೆಸೆದರು, ಆಗಲೂ ಕೈ ಬಿಡಲಿಲ್ಲ, ಹಗ್ಗ ಅಂಗೈಯನ್ನು ಸುಟ್ಟುಕೊಂಡು ಹೋಯಿತು, ವಾಸನೆ ಬಂತು, ತನ್ನದೇ. ದೋಣಿ ನಿಧಾನಕ್ಕೆ ಎದ್ದಿತು. ಕೇಶವ್ ತನ್ನ ದಾರಕ್ಕೆ ನೇತಾಡುತ್ತಿದ್ದ, ಭುಜದ ಮೂಳೆ ಮುರಿದಿತ್ತು, ಅವಳು ಬಿಟ್ಟಿದ್ದರೆ ಮುರಿಯುತ್ತಿರಲಿಲ್ಲ. ಹಾಯಿ ಹರಿದು, ಎಲ್ಲರಿಗಿಂತ ಕೊನೆಗೆ ಕೊಚ್ಚಿ ಮುಟ್ಟಿದರು, ಆಸ್ಪತ್ರೆಯಲ್ಲಿ ಕೇಶವ್ ಜೋಲಿ ಕಟ್ಟಿದ ಕೈ ತೋರಿಸಿ, ನಿನ್ನಮ್ಮನ ಹಿಟ್ಟಿನ ಶಕ್ತಿ ಮಾರಾಯ್ತಿ, ಮುಂದಿನ ಸಲ ನಿಂಗೆ ಹಾಕ್ಬಾರ್ದು ಅಂದ, ನಕ್ಕ, ಅವಳು ಅತ್ತಳು, ಇನ್ನು ಬರುವುದಿಲ್ಲ ಅಂದಳು. ಬರುವುದಿಲ್ಲ ಅಂದವಳು ದಿನಾ ಬೆಳಿಗ್ಗೆ ಎದ್ದು ಮೊದಲು ನೋಡುವುದು ಹಿಪ್ಪುನೇರಳೆ ಎಲೆ ಯಾವ ಕಡೆಗೆ ಅಲುಗುತ್ತಿದೆ ಅಂತ.

ಹನ್ನೊಂದೂವರೆ. ಕರುವಿನ ಮೂತಿ ಕಲ್ಲಿಗೆ ತಾಗಿದೆ, ಅಂಬಾ ಅಂದಿತು. ಆ ಕಲ್ಲುಕೂಚದ ಮೈಮೇಲೆ ಮೂರು ಗೀರುಗಳಿವೆ, ಒಂದರ ಕೆಳಗೊಂದು, ನುಣ್ಣಗೆ, ಅವಳು ಹುಟ್ಟುವ ಮೊದಲಿಂದಲೂ ಇವೆ, ಚಿಕ್ಕವಳಿದ್ದಾಗ ಅದರೊಳಗೆ ಹುಣಸೇಬೀಜ ಸಾಲಾಗಿ ಕೂರಿಸಿ ಆಡುತ್ತಿದ್ದಳು, ಬಿದ್ದವನ್ನು ಅಮ್ಮ ಆರಿಸಿ ಕೊಡುತ್ತಿದ್ದಳು. ಅಮ್ಮಾಜಮ್ಮ ಕಿಟಕಿಯತ್ತ ನೋಡಿದವಳು ಬಾವಿ ಕಂಡು ಶುರುಮಾಡಿಯೇಬಿಟ್ಟಳು, ಪ್ರತಿ ಬೆಳೆಗೂ ಒಮ್ಮೆ ಶುರುಮಾಡುತ್ತಾಳೆ, ಆ ಬಾವೀಲಿ ಅಲ್ವೇನೆ ನೀನು ನಿಮ್ಮಪ್ಪನ್ನ ಉಳಿಸಿದ್ದು, ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ ಕಣಮ್ಮ, ಗಂಗುಲಪ್ಪ ಹೂಳೆತ್ತೋಕೆ ಇಳಿದಿದ್ದ, ಮೇಲೆ ಇಬ್ರು ಗಂಡಸ್ರು, ಅವರ ಹಿಂದೆ ಈ ಗುಬ್ಬಚ್ಚಿ, ಬಾವಿ ಪಕ್ಕೆ ಧಡಾರ್ ಅಂತ ಕುಸೀತು ನೋಡು, ಆ ಇಬ್ರೂ ಹಗ್ಗ ಬಿಟ್ಟು ಹಾರಿದ್ರು, ಇವಳು ಬಿಡ್ಲಿಲ್ಲ, ಅಂಗೈ ಸುಲಿದ್ರೂ ಬಿಡ್ಲಿಲ್ಲ, ಹಗ್ಗ ನಿಂತೇ ಹೋಯ್ತು, ಮಗಳು ಅಂದ್ರೆ ಹಿಂಗಿರ್ಬೇಕು. ಕಲ್ಯಾಣಿ ತಲೆ ತಗ್ಗಿಸಿದಳು. ಕೇಳಿ ಕೇಳಿ ಬೆಳೆದ ಕಥೆ, ಊರು ಅವಳಿಗೆ ಕೊಟ್ಟ ಹೆಸರೇ ಅದು, ಹಗ್ಗ ಬಿಡದ ಕಲ್ಯಾಣಿ, ಅವಳಿಗೂ ನೆನಪಿದೆ, ಮುಂದೆ ಬಾವಿಯ ಬಾಯಿಂದ ಏಳುತ್ತಿದ್ದ ಧೂಳು, ಕೈಯೊಳಗೆ ಓಡುತ್ತಿದ್ದ ತೆಂಗಿನ ನಾರಿನ ಹಗ್ಗ, ಕೆಳಗಿಂದ ಅಪ್ಪನ ಕೂಗು, ಬಿಡಮ್ಮ, ಬಿಡು, ದೂರ ಹೋಗು — ಸ್ಪಷ್ಟವಾಗಿ ಕೇಳಿಸಿತ್ತು, ಬಿಡಲಿಲ್ಲ, ಬಿಡದೆ ಇದ್ದದ್ದಕ್ಕೇ ಅಪ್ಪ ಉಳಿದ, ಬಿಡದೆ ಇದ್ದದ್ದಕ್ಕೇ ಕೇಶವನ ಮೂಳೆ ಮುರಿಯಿತು, ಒಂದೇ ಕೈ, ಒಂದೇ ಹಟ, ಹಾಗಾದರೆ ಯಾವುದನ್ನು ನಂಬಬೇಕು, ನಾಳೆ ಮತ್ತೆ ಬಿಡು ಅಂದಾಗ ಈ ಕೈ ಅಪ್ಪನನ್ನು ನೆನೆಯುತ್ತದೋ ಕೇಶವನನ್ನು ನೆನೆಯುತ್ತದೋ, ಗೊತ್ತಿಲ್ಲ, ಗೊತ್ತಿಲ್ಲದೆ ಹೂಂ ಅನ್ನುವುದು ಹೇಗೆ, ಒಂಬತ್ತು ಜನರ ಜೀವದ ಮಾತು. ಬರುವುದಿಲ್ಲ ಸಾರ್ ಅಂತಲೇ ಹೇಳಬೇಕು ಅಂದುಕೊಂಡಳು.

ಅಲ್ಲ, ಅಂದ ಅಪ್ಪ. ಮೂಲೆಯಲ್ಲಿ ಕೂತು ಚಂದ್ರಿಕೆ ಒಪ್ಪ ಮಾಡುತ್ತಿದ್ದವನು, ಎಪ್ಪತ್ತರ ಗಂಗುಲಪ್ಪ, ತಲೆ ಎತ್ತದೆಯೇ ಅಂದ, ಅಲ್ಲ ಅಮ್ಮಾಜಮ್ಮ, ಇವಳಲ್ಲ ಉಳಿಸಿದ್ದು. ಅಮ್ಮಾಜಮ್ಮನ ಕೈ ಮೊದಲ ಸಲ ನಿಂತಿತು. ಅಪ್ಪ ಚಂದ್ರಿಕೆ ಪಕ್ಕಕ್ಕಿಟ್ಟ, ಕಲ್ಯಾಣಮ್ಮ, ಬೇಜಾರು ಮಾಡ್ಕೋಬೇಡ, ಬೆಳಿಗ್ಗೆ ಫೋನಲ್ಲಿ ಅವರು ಹೇಳಿದ್ದು ಕೇಳಿಸ್ಕೊಂಡೆ, ನೀನು ಹಿಡಿದಿದ್ದು ಮಧ್ಯದ ಹಗ್ಗ, ನಿನ್ನ ಹಿಂದೆ ಇನ್ನೂ ಹಗ್ಗ ಇತ್ತು, ಕೂಚಕ್ಕೆ ಮೂರು ಸುತ್ತು, ಅದರ ತುದಿ ನಿಮ್ಮಮ್ಮನ ಕೈಲಿತ್ತು, ಹತ್ತು ವರ್ಷದ ಮಗಿನ ಕೈಗೆ ನನ್ನ ಜೀವ ಕೊಟ್ಟು ಇಳೀತೀನಾ ನಾನು, ಹುಚ್ಚಾ ನಂಗೆ? — ಮತ್ಯಾಕೆ ಕೊಟ್ಟೆ ನನ್ನ ಕೈಗೆ, ಅಂದಳೋ ಅನ್ನಲಿಲ್ಲವೋ, ಅಂದಿರಬೇಕು, ಅಪ್ಪ ಉತ್ತರ ಕೊಡುತ್ತಿದ್ದಾನೆ — ನಮ್ಮ ಹೂಳೆತ್ತೋ ಮನೆಗಳಲ್ಲಿ ಹಂಗೇ ಕಣಮ್ಮ, ಮನೇಲಿ ಚಿಕ್ಕ ಮಗು ಯಾವುದೋ ಅದರ ಕೈಗೆ ಹಗ್ಗ ಕೊಟ್ಟು ನಿಲ್ಲಿಸೋದು, ಬಾವಿ ಬಾಯಿ ಹತ್ರ ಓಡಾಡದೆ ಒಂದು ಕಡೆ ನಿಂತಿರ್ಲಿ ಅಂತ, ನಂಗೂ ನಮ್ಮಪ್ಪ ಹಂಗೇ ಕೊಟ್ಟಿದ್ದ, ನಾನೂ ನಾನೇ ಹಿಡಿದಿದ್ದೀನಿ ಅಂದ್ಕೊಂಡು ಉಬ್ಬಿದ್ದೆ, ನಾನು ಇಳಿಯೋ ವಯಸ್ಸು ಬಂದಾಗ ಹೇಳ್ದ, ಇಳಿಯೋ ದಿನ ಹೇಳೋದು ವಾಡಿಕೆ, ನಿಂಗೆ ಆ ದಿನ ಬರ್ಲೇ ಇಲ್ಲ, ಅಷ್ಟರಲ್ಲಿ ಬೋರ್‌ವೆಲ್ ಬಂತು, ಬಾವೀಲಿ ನೀರೇ ಹೋಯ್ತು, ಇನ್ನು ಹೂಳೇನು ಎತ್ತೋದು, ಊರೆಲ್ಲ ನಿನ್ನ ಹೊಗಳ್ತಿತ್ತು, ನಿನ್ನ ಮುಖ ನೋಡಿದ್ರೆ ಹೇಳೋಕೆ ಬಾಯಿ ಬರ್ಲಿಲ್ಲ, ನಂಗೂ ಆ ಕಥೆ ಇಷ್ಟ ಆಗಿತ್ತಮ್ಮ. ಹಾಗೆ ಹೇಳಿ ಅಪ್ಪ ಮಗಳ ಕಡೆ ನೋಡಿದ, ಇಷ್ಟು ವರ್ಷ ಬೆಲ್ಲ ಕದ್ದು ಈಗ ಸಿಕ್ಕಿಬಿದ್ದವನ ಹಾಗೆ.

ಸಿಟ್ಟು ಬಂತು, ಕೆಂಪಗೆ, ಇಪ್ಪತ್ತೆರಡು ವರ್ಷ, ಇಪ್ಪತ್ತೆರಡು ವರ್ಷ ಒಂದು ಸುಳ್ಳಿನ ಹಗ್ಗ ಹಿಡಿದು ನಿಂತಿದ್ದೆನಲ್ಲ, ಅದೇ ಹಗ್ಗ ಹಿಡಿದು ಸಮುದ್ರಕ್ಕೂ ಹೋದೆನಲ್ಲ, ಮತ್ತೆ ಅಮ್ಮ, ಅಮ್ಮ ಎಲ್ಲಿದ್ದಳು ಆ ದಿನ, ಹಿಂದೆಲ್ಲೋ ಮಂಕರಿ ಹಿಡಿದು ನಿಂತಿದ್ದಳು ಅಂತಲೇ ನೆನಪು, ಹಿಂದೆ ತಿರುಗಿ ನೋಡಲಿಲ್ಲ, ಅಮ್ಮ ಹಿಂದೆ ಇರುತ್ತಾಳೆ ಅಂತ ಯಾವ ಮಗು ತಿರುಗಿ ನೋಡುತ್ತದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ, ತನ್ನ ಹೆಸರು ಯಾಕೆ ಬಂತು ಅನ್ನುವ ಮುಖ. ಅಮ್ಮಾ, ಹೌದಾ? ಹೂಂ ಮತ್ತೆ, ಯಾರು ಹಿಡೀತಾರೆ, ಅಂದಳು ಆಂಜಿನಮ್ಮ. ಹಾಗಾದ್ರೆ ನನ್ನ ಕೈ ಯಾಕೆ ಸುಲಿದೋಯ್ತು, ನೀನು ಹಿಡಿದಿದ್ರೆ ಹಗ್ಗ ಯಾಕೆ ಓಡಿತು? ಅಮ್ಮ ನಕ್ಕಳು, ಇದೆಂಥ ಪ್ರಶ್ನೆ ಅನ್ನುವ ಹಾಗೆ, ನಾನು ಬಿಟ್ಟೆನಲ್ಲೇ ಅದಕ್ಕೆ. ಬಿಟ್ಟೆಯಾ? ಬಿಡ್ದೆ? ನಿಮ್ಮಪ್ಪ ಧೊಪ್ಪಂತ ಬೀಳ್ತಿದ್ದಾಗ ಗಟ್ಟಿ ಹಿಡಿದಿದ್ರೆ ಪಕ್ಕೆಲುಬು ಮುರೀತಿತ್ತು, ಇಲ್ಲ ಹಗ್ಗ ಕಡೀತಿತ್ತು, ಒಂದು ಗೇಣು ಬಿಟ್ಟೆ, ಕಲ್ಲು ಹಿಡ್ಕೊಂತು, ಇನ್ನೊಂದು ಗೇಣು ಬಿಟ್ಟೆ, ಹಿಡ್ಕೊಂತು, ಬಿಟ್ಟೂ ಬಿಟ್ಟೂ ನಿಲ್ಲಿಸ್ದೆ, ನೀನೇ ಮಧ್ಯದಲ್ಲಿ ಗಟ್ಟಿ ಹಿಡಿದು ನಂಗೆ ಕಷ್ಟ ಕೊಟ್ಟಿದ್ದು, ಬಿಡು ಬಿಡು ಅಂತ ನಿಮ್ಮಪ್ಪ ಬಾಯಿ ಬಡ್ಕೊಂಡ್ರೂ ಕೇಳ್ಲಿಲ್ಲ, ಮೊಂಡಿ, ಆಮೇಲೆ ಎಣ್ಣೆ ಹಚ್ಚಿದ್ದು ನಾನೇ ಅಲ್ವಾ, ಏಡವದ್ದು ತಲ್ಲಿ, ಅಳಬೇಡ, ಯಾಕೆ ಅಳ್ತೀಯ. ಅಳುತ್ತಿರಲಿಲ್ಲ, ನಗುತ್ತಿದ್ದಳು, ಎರಡೂ ಒಟ್ಟಿಗೆ ಬಂದಿತ್ತು, ಅಮ್ಮಾಜಮ್ಮ ಬಾಯಿ ತೆರೆದುಕೊಂಡು ಕೂತಿದ್ದಳು, ಪಾಪ, ಅವಳ ಒಳ್ಳೆಯ ಕಥೆಯೊಂದು ಕೈಬಿಟ್ಟು ಹೋಗಿತ್ತು. ಕಲ್ಯಾಣಿ ಎದ್ದು ಮೊದಲು ಅಮ್ಮನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು, ಅಗಲ ಅಂಗೈ, ಒರಟು, ಒಂದು ಗಾಯದ ಗುರುತೂ ಇಲ್ಲ.

ಹೊರಗೆ ಬಿಸಿಲು, ಹಿಪ್ಪುನೇರಳೆಯ ಮೇಲೆ ನಂದಿಬೆಟ್ಟದ ಕಡೆಯ ಗಾಳಿ, ಸಣ್ಣದು, ಎಡಕ್ಕೆ, ಕರು ಕಣ್ಣು ಹೊರಳಿಸಿ ನೋಡುತ್ತಿದೆ, ಬಂದೆ ಕಣೋ ಬಂದೆ, ಗಂಟು ಬಿಚ್ಚಿದಳು, ತುದಿ ಬಲಗೈಯಲ್ಲಿ, ಮೂರು ಸುತ್ತು ಇನ್ನೂ ಕಲ್ಲಿನ ಮೇಲಿದೆ, ಕರು ಹಿಂದಕ್ಕೆ ಜಗ್ಗಿತು, ಗಟ್ಟಿ ಹಿಡಿಯಬೇಕೆನ್ನಿಸಿತು, ಹಿಡಿಯಲಿಲ್ಲ, ಒಂದು ಗೇಣು ಬಿಟ್ಟಳು, ಹಗ್ಗ ಕಲ್ಲನ್ನು ಬಳಸಿ ಸರ್ರನೆ ಹೋಗಿ ನಿಂತಿತು, ಕಲ್ಲು ಹಿಡಿದುಕೊಂಡಿತು, ಇನ್ನೊಂದು ಗೇಣು, ನಿಂತಿತು, ನುಣ್ಣನೆಯ ಹೊಸ ಚರ್ಮದೊಳಗೆ ಹಗ್ಗ ಹೋಗುವುದು ಗೊತ್ತಾಯಿತು, ಸಣ್ಣಗೆ, ದೂರದಲ್ಲಿ ಯಾರೋ ಮಾತಾಡಿದ ಹಾಗೆ, ಆದರೆ ಗೊತ್ತಾಯಿತು, ಇನ್ನೊಂದು ಗೇಣು — ಫೋನು, ಹನ್ನೆರಡು, ಎಡಗೈಯಲ್ಲಿ ಎತ್ತಿದಳು, ಏನಮ್ಮ, ಅಂದರು ಸಾರ್, ಹಿಂದೆ ಜೆಟ್ಟಿಯ ಸದ್ದು, ಹಾಯಿ ಬಡಿದುಕೊಳ್ಳುವ ಸದ್ದು, ಯಾರೋ ಕೂಗಿದರು, ಹಿಟ್ಟು ತರೋಕೆ ಹೇಳಿ ಸಾರ್, ಕೇಶವ್, ಅವನದೇ ಗಂಟಲು, ಸಾರ್ ಮತ್ತೆ ಕೇಳಿದರು, ಬಿಡು ಅಂದ್ರೆ ಬಿಡ್ತೀಯಾ? ಬಿಡ್ತೀನಿ ಸಾರ್. ಸುಳ್ಳು ಹೇಳ್ತಿಲ್ಲ ತಾನೆ? ಇಲ್ಲ ಸಾರ್, ನಮ್ಮಮ್ಮ ಬಿಟ್ಟಿದ್ದಾರೆ, ನಂಗೂ ಬರುತ್ತೆ. ಅವರಿಗೆ ಏನು ಅರ್ಥವಾಯಿತೋ, ಹೆಸರು ಬರ್ಕೊಂಡೆ ಅಂದರು. ಹಗ್ಗದ ತುದಿ ಕೈ ದಾಟಿ ಹೋಯಿತು, ಸುತ್ತು ಬಿಚ್ಚಿಕೊಂಡಿತು, ಕರು ಕುಣಿದುಕೊಂಡು ಓಡಿತು, ಕಲ್ಲು ಬರಿದಾಗಿ ನಿಂತಿತು, ಬೆಚ್ಚಗೆ, ಹೆಬ್ಬೆರಳಿಟ್ಟಳು, ಮೊದಲ ಗೀರು, ಅಜ್ಜಿಯದಿರಬೇಕು, ಅದಕ್ಕೂ ಹಿಂದಿನವರದಿರಬೇಕು, ಎರಡನೆಯದು, ಹೆಬ್ಬೆರಳು ಸರಿಯಾಗಿ ಕೂರುತ್ತದೆ, ಹುಣಸೇಬೀಜ ಕೂರುತ್ತಿದ್ದ ಹಾಗೆ, ಬಿದ್ದವನ್ನು ಅಮ್ಮ ಆರಿಸಿ ಕೊಡುತ್ತಿದ್ದಳು, ಇದು ಹಗ್ಗದ ಗೀರು ಅಂತ ಒಂದು ದಿನವೂ ಹೇಳಲಿಲ್ಲ, ಮೂರನೆಯದು, ಎಲ್ಲಕ್ಕಿಂತ ಆಳ, ಹಿಡಿದದ್ದರಿಂದ ಕಲ್ಲು ಸವೆಯುವುದಿಲ್ಲ, ಬಿಟ್ಟದ್ದರಿಂದ ಸವೆಯುತ್ತದೆ, ಅಮ್ಮ ಬಿಟ್ಟ ಹಗ್ಗ, ಕಲ್ಲಿನ ಮೇಲೆ ಮೂರು ಗೀರು, ಮೂರು ಗೀರು